ಅತಿಥಿಯ ದಿನಗಣನೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕುಗಳು ಹೊಸಪೇಟೆಯೊಡನೆ ಕೂಡಿ 2021ರಲ್ಲಿ ವಿಜಯನಗರ ಜಿಲ್ಲೆಯಾದವು. ಹಂಪೆಯನ್ನು ನೋಡಲೆಂದು ಯೂರೋಪಿನವರು ಈ ಸೀಮೆಗೆ ಬರುತ್ತಾರೆ. ಮಗಳ ಬಾಣಂತನಕ್ಕೋ ಮೊಮ್ಮಗನ ಮುಖ ನೋಡುವುದಕ್ಕೋ ಇಲ್ಲಿಯ ಹಿರಿಯರು ಯೂರೋಪಿಗೆ ಹೋಗುವುದೂ ಉಂಟು. ಹೀಗೆ ಹೋದವರು ಅಲ್ಲಿ ಎಷ್ಟು ದಿನ ಇರಬಹುದು, ತಾವು ಬಂದಿರುವುದನ್ನು ಯಾವಾಗ ಸರ್ಕಾರಕ್ಕೆ ತಿಳಿಸಬೇಕು ಎಂಬುದನ್ನು ವಿಚಾರಿಸೋಣ.

ಮೊದಲು ಎರಡು ವಿಷಯಗಳನ್ನು ಬೇರ್ಪಡಿಸಿಕೊಳ್ಳಬೇಕು. ದೇಶದಲ್ಲಿ ಇರುವುದಕ್ಕೆ ದೊರೆಯುವ ಅಪ್ಪಣೆ ವೀಸಾ. ಇಳಿದುಕೊಂಡ ಮನೆಯ ವಿಳಾಸವನ್ನು ಕಚೇರಿಯಲ್ಲಿ ಬರೆಯಿಸುವುದು ನೋಂದಣಿ. ಒಂದಾದ ಮಾತ್ರಕ್ಕೆ ಇನ್ನೊಂದು ಆದಂತಾಗದು.

ಲಕ್ಸೆಂಬರ್ಗಿನ ಷೆಂಗೆನ್ ಎಂಬ ಊರಿನಲ್ಲಿ 1985ರಲ್ಲಿ ಐದು ದೇಶಗಳು ಮಾಡಿಕೊಂಡ ಒಪ್ಪಂದವು 1995ರಲ್ಲಿ ಆಚರಣೆಗೆ ಬಂದಿತು. ಈಗ ಅದರಲ್ಲಿ 29 ದೇಶಗಳಿವೆ. ಇವೆಲ್ಲವೂ ಸೇರಿ ಅತಿಥಿಗೆ ಒಂದೇ ಮನೆಯಿದ್ದಂತೆ: ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಇರಕೂಡದು. ಜರ್ಮನಿಯಲ್ಲಿ ಅರವತ್ತು ದಿನ ಕಳೆದವರಿಗೆ ಫ್ರಾನ್ಸಿನಲ್ಲಿ ಉಳಿಯುವುದು ಮೂವತ್ತೇ. ಇಂಗ್ಲೆಂಡು, ಐರ್ಲೆಂಡುಗಳು ಈ ಕೂಟದ ಹೊರಗಿವೆ. ಅವುಗಳ ಕಾನೂನು ಬೇರೆ.

ಬಂದ ದಿನವೂ ಹೊರಟ ದಿನವೂ ಲೆಕ್ಕಕ್ಕೆ ಸೇರುತ್ತವೆ. ಅಧಿಕ ದಿನವಿಲ್ಲದ ವರ್ಷದಲ್ಲಿ ಜನವರಿ 10ರಂದು ಇಳಿದವರಿಗೆ ತೊಂಬತ್ತನೆಯ ದಿನವು ಏಪ್ರಿಲ್ 9. ಮೂರು ತಿಂಗಳೆಂದು ಎಣಿಸಿ 10ರಂದು ಹೊರಟರೆ ಒಂದು ದಿನ ಮೀರಿದಂತಾಯಿತು. ಅವರು ಪುನಃ ಕಾಲಿಡಬಹುದಾದದ್ದು ಜುಲೈ 9ರಂದು. ವೀಸಾ ಚೀಟಿಯಲ್ಲಿ ಇನ್ನೂ ಕಡಮೆ ದಿನಗಳನ್ನು ನಮೂದಿಸಿದ್ದರೆ ಆ ಸಂಖ್ಯೆಯೇ ಪ್ರಮಾಣ. ಅವಧಿ ಮೀರಿದವರಿಗೆ ದಂಡವೂ ಮರುಪ್ರವೇಶಕ್ಕೆ ನಿಷೇಧವೂ ಒದಗಬಹುದು. ಕಾಯಿಲೆಯಂತಹ ಪ್ರಬಲ ಕಾರಣವಿದ್ದರೆ ಅವಧಿ ಮುಗಿಯುವ ಮೊದಲೇ ಅರ್ಜಿ ಕೊಡಬೇಕು. 2025ರ ಅಕ್ಟೋಬರಿನಿಂದ ಪ್ರವೇಶ ನಿರ್ಗಮನಗಳನ್ನು ಯಂತ್ರವೇ ದಾಖಲಿಸತೊಡಗಿರುವುದರಿಂದ ಲೆಕ್ಕ ತಪ್ಪಿದರೆ ಮರೆಯಾಗದು.

ನೋಂದಣಿಯ ನಿಯಮವಾದರೋ ದೇಶದೇಶಕ್ಕೂ ಬೇರೆ. ಜರ್ಮನಿಯಲ್ಲಿ ಮನೆಮಾಡುವವರು ಎರಡು ವಾರದೊಳಗೆ ವಿಳಾಸ ಬರೆಯಿಸಬೇಕು. ಹೊರದೇಶದಲ್ಲಿ ವಾಸವಿದ್ದು ಅತಿಥಿಯಾಗಿ ಬಂದವರಿಗೆ ಮೂರು ತಿಂಗಳವರೆಗೆ ಈ ಬಾಧ್ಯತೆಯಿಲ್ಲ. ಚೆಕ್ ದೇಶದಲ್ಲಿಯಾದರೆ ನಮ್ಮವರು ಮೂರು ಕೆಲಸದ ದಿನಗಳೊಳಗೆ ವಿದೇಶೀಯರ ಪೊಲೀಸಿಗೆ ತಿಳಿಸಬೇಕು. ಹೋಟಲಿನಲ್ಲಿ ಇಳಿದವರ ಪರವಾಗಿ ಹೋಟಲಿನವರೇ ಇದನ್ನು ಮಾಡುತ್ತಾರೆ. ಮಗನ ಮನೆಯಲ್ಲಿ ಇಳಿದವರು ತಾವೇ ಎಚ್ಚರವಹಿಸಬೇಕು.

ಇಂತಹ ಕಟ್ಟಳೆ ನಮ್ಮಲ್ಲಿಯೂ ಉಂಟು. 1939ರ ಮತ್ತು 1946ರ ವಿದೇಶೀಯರ ಕಾಯಿದೆಗಳು ರದ್ದಾಗಿ, 2025ರ ಸೆಪ್ಟೆಂಬರ್ 1ರಿಂದ ಹೊಸ ಕಾಯಿದೆ ಜಾರಿಯಲ್ಲಿದೆ. ಸಾಮಾನ್ಯವಾಗಿ 180 ದಿನಕ್ಕೆ ಮೀರಿದ ವೀಸಾದ ಮೇಲೆ ದೀರ್ಘಕಾಲ ಇರಬಂದವರು 14 ದಿನಗಳೊಳಗೆ ನೋಂದಣಿ ಮಾಡಿಸಬೇಕು. ವಿದೇಶೀಯರಿಗೆ ತಂಗಲು ಎಡೆಕೊಟ್ಟವರು, ಅದು ಹೋಟಲಾಗಲಿ, ಧರ್ಮಶಾಲೆಯಾಗಲಿ, ಖಾಸಗಿ ಮನೆಯಾಗಲಿ, 24 ಗಂಟೆಯೊಳಗೆ ಅವರ ವಿವರವನ್ನು ನೋಂದಣಾಧಿಕಾರಿಗೆ ಒಪ್ಪಿಸಬೇಕು. ಕೊಟ್ಟೂರಿನ ತೇರಿಗೆ ಬಂದ ಪರದೇಶದ ಮಿತ್ರನಿಗೆ ಪ್ರೀತಿಯಿಂದ ಜಗಲಿ ಬಿಟ್ಟುಕೊಟ್ಟ ಗೃಹಸ್ಥನೂ ಇದಕ್ಕೆ ಹೊರತಲ್ಲ.

ಆದಕಾರಣ ಪ್ರಯಾಣದ ಚೀಟಿಯನ್ನು ಕೊಳ್ಳುವ ಮುನ್ನ ಪಂಚಾಂಗವನ್ನು ಮುಂದಿಟ್ಟುಕೊಂಡು ದಿನಗಳನ್ನು ಬೆರಳೆಣಿಸಿ ನೋಡುವುದು ಒಳ್ಳೆಯದು. ಅತಿಥಿಸತ್ಕಾರ ಹೃದಯಕ್ಕೆ ಸೇರಿದ್ದು. ಅತಿಥಿಯ ಅವಧಿ ಕಾನೂನಿಗೆ ಸೇರಿದ್ದು.