ಶಾರ್ಲ್ ಬೋರ್ದ್: ವೃಂದಗಾನದ ನಿರ್ದೇಶಕ, ಜನಪದ ಹಾಡುಗಳ ಸಂಗ್ರಾಹಕ

ಜನಪದ ಗೀತೆಗಳ ಸಂಗ್ರಾಹಕನು ಕಂಠದಲ್ಲಿರುವುದನ್ನು ಕಾಗದಕ್ಕೆ ಇಳಿಸುತ್ತಾನೆ. ವೃಂದಗಾನದ ನಿರ್ದೇಶಕನು ಕಾಗದದಲ್ಲಿರುವುದನ್ನು ಮತ್ತೆ ಕಂಠಕ್ಕೆ ತರುತ್ತಾನೆ. ಫ್ರಾನ್ಸಿನ ಶಾರ್ಲ್ ಬೋರ್ದ್ (1863–1909) ಈ ಎರಡೂ ಕೆಲಸಗಳಿಗೆ ತಮ್ಮ ಅಲ್ಪಾಯುಷ್ಯವನ್ನು ಮೀಸಲಿಟ್ಟವರು. ಸಂಗೀತ ಚರಿತ್ರೆಕಾರರು ಅವರನ್ನು ನಿರ್ದೇಶಕರೆಂದೇ ಗುರುತಿಸುವುದರಿಂದ ಮೊದಲಿನ ಕೆಲಸ ಮರೆಯಲ್ಲಿ ಉಳಿದಿದೆ.

ಸೆಸಾರ್ ಫ್ರಾಂಕ್ ಅವರ ಶಿಷ್ಯರಾದ ಬೋರ್ದ್, 1889–90ರಲ್ಲಿ ಫ್ರಾನ್ಸಿನ ಶಿಕ್ಷಣ ಸಚಿವಾಲಯದ ಪರವಾಗಿ ಬಾಸ್ಕ್ ಸೀಮೆಯ ಹಾಡುಗಳನ್ನು ಸಂಗ್ರಹಿಸಿದರು. ಪಿರೆನೀಸ್ ಪರ್ವತಗಳ ಎರಡೂ ಮಗ್ಗುಲಲ್ಲಿ ನೆಲೆಸಿರುವ ಬಾಸ್ಕರ ಭಾಷೆಗೆ ಯುರೋಪಿನ ಬೇರಾವ ಭಾಷೆಯೊಡನೆಯೂ ಸಂಬಂಧ ಸಿದ್ಧಪಟ್ಟಿಲ್ಲ. ಅವರ ‘ಸೋರ್ತ್ಸಿಕೊ’ ಎಂಬ ಕುಣಿತದ ಲಯ ಐದು ಎಣಿಕೆಯದು. ಎರಡು, ಮೂರು, ನಾಲ್ಕರ ಎಣಿಕೆಗೆ ಒಗ್ಗಿದ ಪ್ಯಾರಿಸ್ಸಿನ ಕಿವಿಗೆ ಅದು ಅಪರಿಚಿತ. ಸಂಗ್ರಹಿಸಿದ ಹಾಡುಗಳಲ್ಲಿ ಕೆಲವನ್ನು ಬೋರ್ದ್ ಪಿಯಾನೋ ಪಕ್ಕವಾದ್ಯದೊಡನೆ ಪ್ರಕಟಿಸಿದರು. ಇದರಿಂದ ಹಾಡುಗಳಿಗೆ ನಗರದ ಸಭಾಂಗಣದಲ್ಲಿ ಪ್ರವೇಶ ದೊರೆಯಿತು, ನಿಜ. ಆದರೆ ಹಾಡುವವರ ಉಸಿರಿಗೆ ತಕ್ಕಂತೆ ಹಿಗ್ಗಿ ಕುಗ್ಗುವ ಸಾಲು ಪಕ್ಕವಾದ್ಯದ ಲೆಕ್ಕಕ್ಕೆ ಒಳಪಡಬೇಕಾಯಿತು. ಆ ಕಾಲದ ಬಹುಪಾಲು ಸಂಗ್ರಾಹಕರು ಮಾಡಿದ್ದೂ ಇದನ್ನೇ ಎಂಬುದು ಸಮಾಧಾನದ ಮಾತಾಗದು.

1890ರಲ್ಲಿ ಅವರು ಪ್ಯಾರಿಸ್ಸಿನ ಸೇಂಟ್ ಜೆರ್ವೆ ಚರ್ಚಿನ ಸಂಗೀತದ ಹೊಣೆ ವಹಿಸಿಕೊಂಡರು. ಅಂದಿನ ಚರ್ಚುಗಳಲ್ಲಿ ಒಪೆರಾ ಧಾಟಿಯ ಗಾಯನ ಬಳಕೆಯಲ್ಲಿತ್ತು. 1892ರ ಪವಿತ್ರ ವಾರದಲ್ಲಿ ಬೋರ್ದ್ ಅವರ ಗಾಯಕರು ಪ್ಯಾಲೆಸ್ಟ್ರೀನಾ ಮೊದಲಾದ ಹದಿನಾರನೆಯ ಶತಮಾನದವರ ಬಹುಧ್ವನಿ ಕೃತಿಗಳನ್ನು ಪೂಜಾವಿಧಿಯಲ್ಲಿಯೇ ಹಾಡಿದರು. ಈ ವೃಂದದ ಕೇಳುಗರಲ್ಲಿ ದೆಬ್ಯುಸಿ ಕೂಡ ಒಬ್ಬರು. ಇಂಥ ಕೃತಿಗಳಲ್ಲಿ ಪ್ರತಿಯೊಂದು ಧ್ವನಿಗೂ ತನ್ನದೇ ನಡೆ, ತನ್ನದೇ ಒತ್ತು ಇರುತ್ತದೆ. ನಿರ್ದೇಶಕನು ಗಡಿಯಾರದಂತೆ ತಾಳ ಹಾಕಿದರೆ ನುಡಿಯೂ ರಾಗವೂ ಕೆಡುತ್ತವೆ. ಹಳ್ಳಿಯ ಹಾಡಿನಲ್ಲಿ ನುಡಿಯ ಹಿಂದೆ ಲಯ ಸಾಗುವುದನ್ನು ಕೇಳಿದ ಕಿವಿ ಇಲ್ಲಿ ಅವರ ನೆರವಿಗೆ ಬಂದಿರಬೇಕು. ‘ಸೇಂಟ್ ಜೆರ್ವೆ ಗಾಯಕರು’ ಎಂದು ಹೆಸರಾದ ಈ ವೃಂದ ಫ್ರಾನ್ಸಿನ ಊರೂರುಗಳಲ್ಲಿ ಹಾಡಿತು. ವಾದ್ಯವೃಂದ ಸಹಿತವಾದ ಬಾಖ್‌ನ ಕೃತಿಗಳನ್ನೂ ಬೋರ್ದ್ ನಿರ್ದೇಶಿಸಿದರು.

1894ರಲ್ಲಿ ವ್ಯಾಂಸಾಂ ದಾಂಡಿ ಮತ್ತು ಅಲೆಕ್ಸಾಂದ್ರ್ ಗಿಲ್ಮಾಂ ಅವರೊಡಗೂಡಿ ಬೋರ್ದ್ ‘ಸ್ಕೋಲಾ ಕಾಂಟೋರಂ’ ಸ್ಥಾಪಿಸಿದರು. ಆಗ ಕೈಯಲ್ಲಿದ್ದ ಬಂಡವಾಳ ಮೂವತ್ತೇಳೂವರೆ ಫ್ರಾಂಕ್ ಮಾತ್ರ ಎಂದು ಹೇಳುವುದುಂಟು. 1896ರಲ್ಲಿ ಅದು ಶಾಲೆಯಾಗಿ ಬಾಗಿಲು ತೆರೆಯಿತು. ಓವೆರ್ನ್ ಸೀಮೆಯ ಹಾಡುಗಳನ್ನು ವಾದ್ಯವೃಂದಕ್ಕೆ ಅಳವಡಿಸಿ ಹೆಸರಾದ ಜೋಸೆಫ್ ಕಾಂತಲೂಬ್ ಮುಂದೆ ಅಲ್ಲಿ ಕಲಿತರು.

ಪಾರ್ಶ್ವವಾಯುವಿಗೆ ತುತ್ತಾದ ಬೋರ್ದ್ 1905ರಲ್ಲಿ ದಕ್ಷಿಣದ ಮೋಂಪೆಲ್ಯೇಗೆ ನೆಲೆ ಬದಲಿಸಿದರು. ವಿಶ್ರಾಂತಿಗೆಂದು ಹೋದವರು ಅಲ್ಲಿಯೂ ಒಂದು ಸ್ಕೋಲಾ ಕಟ್ಟಿದರು. 1908ರಲ್ಲಿ ರಾಮೋನ ‘ಕಾಸ್ತೋರ್ ಎ ಪೋಲ್ಯುಕ್ಸ್’ ಒಪೆರಾವನ್ನು ಆ ಊರಿನಲ್ಲಿ ರಂಗಕ್ಕೆ ತಂದರು. 1909ರ ನವೆಂಬರಿನಲ್ಲಿ ತೂಲೋಂ ನಗರದಲ್ಲಿ ತೀರಿಕೊಂಡಾಗ ಅವರಿಗೆ ನಲವತ್ತಾರು ವರ್ಷ. ಬಾಸ್ಕ್ ಸೀಮೆಯನ್ನು ಕುರಿತು ಬರೆಯತೊಡಗಿದ್ದ ‘ಮೂರು ಅಲೆಗಳು’ ಎಂಬ ಒಪೆರಾ ಪೂರ್ಣಗೊಳ್ಳಲಿಲ್ಲ.