ಊರು ಬಿಟ್ಟವರ ಔಷಧಿ
ಎಚ್.ಐ.ವಿ. ಚಿಕಿತ್ಸೆ ಮತ್ತು ವಲಸೆಯ ಕುರಿತು



ಬೆಳಗ್ಗೆ ಏಳು ಗಂಟೆಗೆ ಪಡುಬಿದ್ರಿ ಪೇಟೆಯಲ್ಲಿ ಹೆದ್ದಾರಿಯ ಬದಿಗೆ ನಿಂತು ನೋಡಿ. ಬುತ್ತಿ, ಕರಣೆ, ಹಾರೆ ಹಿಡಿದ ಗಂಡಸರು ಹೆಂಗಸರು ಕೆಲಸಕ್ಕೆ ಕರೆಯುವವರಿಗಾಗಿ ಕಾಯುತ್ತಿರುತ್ತಾರೆ. ಬಾಗಲಕೋಟೆ, ಗದಗ, ಕೊಪ್ಪಳ, ರಾಯಚೂರಿನ ಕಡೆಯಿಂದ ಬಂದವರು ಅವರಲ್ಲಿ ಬಹಳ. ನಮ್ಮಲ್ಲಿ ಅವರನ್ನೆಲ್ಲ ಒಟ್ಟಾಗಿ ‘ಘಟ್ಟದವರು’ ಎಂದುಬಿಡುವುದು ರೂಢಿ. ಸಂಜೆ ಅದೇ ಜಾಗದಲ್ಲಿ ನಿಂತರೆ ಮುಂಬಯಿಗೆ ಹೋಗುವ ಬಸ್ಸುಗಳು ಕಾಣುತ್ತವೆ. ಅವುಗಳಲ್ಲಿ ಹೋಗುವವರು ನಮ್ಮವರೇ. ಒಂದೇ ರಸ್ತೆಯಲ್ಲಿ ಒಬ್ಬರು ಕೂಲಿಗಾಗಿ ಬರುತ್ತಾರೆ, ಇನ್ನೊಬ್ಬರು ಕೂಲಿಗಾಗಿ ಹೋಗುತ್ತಾರೆ.

ಹೀಗೆ ಊರು ಬಿಟ್ಟವರ ಆರೋಗ್ಯ ಏನಾಗುತ್ತದೆ? ಒಂದೇ ರೋಗ, ಒಂದೇ ಔಷಧಿ ಇದ್ದರೂ ಊರಲ್ಲಿ ಇರುವವನಿಗೆ ಸಿಕ್ಕುವ ಫಲ ಊರು ಬಿಟ್ಟವನಿಗೆ ಏಕೆ ಸಿಕ್ಕುವುದಿಲ್ಲ? ನಮ್ಮ ಮಾತುಕತೆ ಕಾರ್ಯಕ್ರಮದಲ್ಲಿ ಎತ್ತಿಕೊಂಡ ಈ ಪ್ರಶ್ನೆಯನ್ನು ಎಚ್.ಐ.ವಿ.ಯ ಉದಾಹರಣೆಯಿಂದ ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಒಂದು ಲೋಟದ ನೆನಪು

ನಾನು ಪ್ರೌಢಶಾಲೆಯಲ್ಲಿದ್ದಾಗ ನೆರೆಮನೆಯ ಅಣ್ಣನೊಬ್ಬ ಮುಂಬಯಿಯಿಂದ ಊರಿಗೆ ಮರಳಿದ. ಹೋಟೆಲಿನಲ್ಲಿ ದುಡಿಯುತ್ತಿದ್ದವನು. ರಜೆಗೆ ಬಂದಾಗಲೆಲ್ಲ ನಮಗೆ ಪೆನ್ನು, ಮಿಠಾಯಿ ತರುತ್ತಿದ್ದ. ಆ ಸಲ ಎಲುಬುಗೂಡಾಗಿ ಬಂದಿದ್ದ. ನಮ್ಮ ಮನೆಗೆ ಬಂದರೆ ಅವನಿಗೆ ಚಹಾ ಕೊಡುತ್ತಿದ್ದೆವು. ಆದರೆ ಆ ಲೋಟವನ್ನು ಬೇರೆ ಇಡುತ್ತಿದ್ದೆವು. ಅವನಿಗೆ ಅದು ತಿಳಿಯಿತೆಂದು ತೋರುತ್ತದೆ, ಆಮೇಲೆ ಬರುವುದನ್ನೇ ಬಿಟ್ಟ. 1997ರ ಮಳೆಗಾಲದಲ್ಲಿ ತೀರಿಕೊಂಡ. ಕಾಯಿಲೆಯ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಊರಿಗೆಲ್ಲ ಗೊತ್ತಿತ್ತು.

ಮುಂದೆ ಬಿ.ಎಸ್ಸಿ. ಓದುವಾಗ ಎಚ್.ಐ.ವಿ. ಲೋಟದಿಂದ, ಊಟದಿಂದ, ಮುಟ್ಟುವುದರಿಂದ, ಸೊಳ್ಳೆಯಿಂದ ಹರಡುವುದಿಲ್ಲ ಎಂದು ಪುಸ್ತಕದಲ್ಲಿ ಓದಿದೆ. ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿನ ರಕ್ತ, ಹಂಚಿಕೊಂಡ ಸೂಜಿ, ತಾಯಿಯಿಂದ ಮಗು — ಇಷ್ಟೇ ಅದರ ದಾರಿಗಳು. ನಾವು ಬೇರೆ ಇಟ್ಟ ಲೋಟದಿಂದ ಯಾರಿಗೂ ರಕ್ಷಣೆ ಸಿಗಲಿಲ್ಲ. ಅದರಿಂದ ಆದದ್ದು ಒಂದೇ: ರೋಗಿಯೊಬ್ಬ ಜನರಿಂದ ದೂರವಾದ.

ವೈರಸ್ಸಿನ ಕೆಲಸ

1981ರ ಜೂನ್‌ನಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನ ಐವರು ಯುವಕರ ವಿಚಿತ್ರ ನ್ಯುಮೋನಿಯಾದ ವರದಿಯಿಂದ ಏಡ್ಸ್ ಜಗತ್ತಿಗೆ ತಿಳಿಯಿತು. 1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ವೈರಸ್ ಪತ್ತೆಯಾಯಿತು. ಅದಕ್ಕಾಗಿ ಫ್ರಾನ್ಸ್ವಾಸ್ ಬಾರೆ-ಸಿನೂಸಿ ಮತ್ತು ಲೂಕ್ ಮೊಂಟಾನ್ಯೆ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಭಾರತದಲ್ಲಿ ಸೋಂಕನ್ನು ಮೊದಲು ಗುರುತಿಸಿದ್ದು 1986ರಲ್ಲಿ, ಚೆನ್ನೈಯಲ್ಲಿ, ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ.

ನಮ್ಮ ರಕ್ತದಲ್ಲಿ ಸಿಡಿ-4 ಎಂಬ ಬಿಳಿ ರಕ್ತಕಣಗಳಿವೆ. ರೋಗನಿರೋಧಕ ಪಡೆಗೆ ಅಪ್ಪಣೆ ಕೊಡುವವು ಇವೇ. ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರ್ ರಕ್ತಕ್ಕೆ ಸುಮಾರು 500ರಿಂದ 1500 ಇರುತ್ತವೆ. ಎಚ್.ಐ.ವಿ. ಈ ಕಣಗಳೊಳಗೇ ಹೊಕ್ಕು ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ಚಿಕಿತ್ಸೆ ಇಲ್ಲದ ದೇಹದಲ್ಲಿ ದಿನಕ್ಕೆ ಸಾವಿರ ಕೋಟಿಯಷ್ಟು ಹೊಸ ವೈರಸ್‌ಗಳು ಹುಟ್ಟುತ್ತವೆಂದು ಲೆಕ್ಕ ಹಾಕಿದ್ದಾರೆ. ಆದರೂ ಎಂಟು ಹತ್ತು ವರ್ಷ ಹೊರಗೆ ಏನೂ ಕಾಣದೆ ಹೋಗಬಹುದು. ಸಿಡಿ-4 ಸಂಖ್ಯೆ 200ಕ್ಕಿಂತ ಇಳಿದರೆ ಕ್ಷಯ ಮುಂತಾದ ರೋಗಗಳು ಮುತ್ತಿಕೊಳ್ಳುತ್ತವೆ. ಆ ಸ್ಥಿತಿಗೇ ಏಡ್ಸ್ ಎಂದು ಹೆಸರು.

1996ರ ಹೊತ್ತಿಗೆ ಮೂರು ಔಷಧಿಗಳನ್ನು ಸೇರಿಸಿ ಕೊಡುವ ಚಿಕಿತ್ಸೆ ಬಂದಿತು. ನೆರೆಮನೆಯ ಅಣ್ಣ ತೀರಿಕೊಂಡಾಗ ಔಷಧಿ ಜಗತ್ತಿನಲ್ಲಿ ಇತ್ತು, ಆದರೆ ಅದರ ಬೆಲೆ ಬಡವನ ಕೈಗೆ ಎಟುಕುವಂತಿರಲಿಲ್ಲ. 2001ರಲ್ಲಿ ಭಾರತದ ಸಿಪ್ಲಾ ಕಂಪನಿ ಇದನ್ನು ದಿನಕ್ಕೆ ಒಂದು ಡಾಲರಿಗೂ ಕಡಿಮೆಗೆ ಕೊಡಲು ಮುಂದಾಯಿತು. 2004ರ ಏಪ್ರಿಲ್ 1ರಿಂದ ಭಾರತ ಸರಕಾರ ಉಚಿತ ಚಿಕಿತ್ಸೆ ಆರಂಭಿಸಿತು. ಇದನ್ನೇ ಎ.ಆರ್.ಟಿ. ಎನ್ನುತ್ತಾರೆ. ಸೋಂಕು ಖಚಿತವಾದ ಎಲ್ಲರಿಗೂ, ಸಿಡಿ-4 ಎಷ್ಟೇ ಇರಲಿ, ಚಿಕಿತ್ಸೆ ಕೊಡುವ ನೀತಿ 2017ರಲ್ಲಿ ಬಂದಿತು. ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ ಸಾಕು.

ಮಾತ್ರೆ ಏಕೆ ತಪ್ಪಬಾರದು?

ಇಲ್ಲೊಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ಈ ಮಾತ್ರೆ ವೈರಸ್ಸನ್ನು ಪೂರ್ತಿ ನಿರ್ಮೂಲ ಮಾಡುವುದಿಲ್ಲ, ಅದರ ಪ್ರತಿ ತೆಗೆಯುವ ಕೆಲಸವನ್ನು ನಿಲ್ಲಿಸುತ್ತದೆ. ಕೆಲವು ಸಿಡಿ-4 ಕಣಗಳಲ್ಲಿ ವೈರಸ್ ನಿದ್ರಿಸುತ್ತ ಅಡಗಿರುತ್ತದೆ. ಮಾತ್ರೆ ನಿಂತರೆ ಕೆಲವೇ ವಾರಗಳಲ್ಲಿ ಅದು ಮತ್ತೆ ಎದ್ದು ಬರುತ್ತದೆ. ಅಲ್ಲದೆ ಎಚ್.ಐ.ವಿ. ಪ್ರತಿ ತೆಗೆಯುವಾಗ ಬಹಳ ತಪ್ಪು ಮಾಡುತ್ತದೆ, ತಿದ್ದಿಕೊಳ್ಳುವ ವ್ಯವಸ್ಥೆ ಅದಕ್ಕಿಲ್ಲ. ಸಾವಿರಾರು ತಪ್ಪುಗಳಲ್ಲಿ ಒಂದು ಅದಕ್ಕೆ ಲಾಭವಾಗಬಹುದು, ಔಷಧಿಗೆ ಬಗ್ಗದ ವೈರಸ್ ಹುಟ್ಟಬಹುದು. ಇಂದು ತೆಗೆದುಕೊಂಡು ನಾಳೆ ಬಿಟ್ಟು, ಮತ್ತೆ ಹಿಡಿದು ಮತ್ತೆ ಬಿಟ್ಟರೆ ಅಂಥ ವೈರಸ್ಸಿಗೆ ನಾವೇ ದಾರಿ ಮಾಡಿಕೊಟ್ಟ ಹಾಗೆ.

ತಪ್ಪದೆ ತೆಗೆದುಕೊಂಡರೆ ಆಗುವ ಲಾಭವೂ ಅಷ್ಟೇ ದೊಡ್ಡದು. ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಕ್ಕದಷ್ಟು ಇಳಿಯುತ್ತದೆ. ಹಾಗೆ ಇಳಿದು ನಿಂತವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡುವುದಿಲ್ಲವೆಂದು 2011ರಿಂದ 2019ರವರೆಗಿನ ದೊಡ್ಡ ಅಧ್ಯಯನಗಳು ತೋರಿಸಿವೆ. ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ತಗಲುವ ಸಂಭವ ನೂರಕ್ಕೆ 15ರಿಂದ 45. ಸಕಾಲದಲ್ಲಿ ಚಿಕಿತ್ಸೆಯಾದರೆ 5ಕ್ಕಿಂತ ಕಡಿಮೆ. ಅಂದರೆ ಒಬ್ಬನ ಮಾತ್ರೆ ಅವನ ಹೆಂಡತಿ ಮಕ್ಕಳನ್ನೂ ಕಾಯುತ್ತದೆ.

ಮೆಟ್ಟಿಲುಗಳ ಲೆಕ್ಕ

ಚಿಕಿತ್ಸೆಯನ್ನು ಮೆಟ್ಟಿಲುಗಳಂತೆ ಊಹಿಸಿಕೊಳ್ಳಿ. ಸೋಂಕು ಇದೆಯೆಂದು ತಿಳಿಯುವುದು ಮೊದಲನೆಯದು, ಚಿಕಿತ್ಸೆಗೆ ಸೇರಿ ಅದರಲ್ಲಿ ಉಳಿಯುವುದು ಎರಡನೆಯದು, ವೈರಸ್ ಅಡಗುವುದು ಮೂರನೆಯದು. ವಿಶ್ವಸಂಸ್ಥೆ ಇಟ್ಟುಕೊಂಡ ಗುರಿ ಪ್ರತಿ ಮೆಟ್ಟಿಲಲ್ಲೂ ನೂರಕ್ಕೆ 95. ನೀವೇ ಗುಣಿಸಿ ನೋಡಿ: 95ರಲ್ಲಿ 95 ಭಾಗ, ಅದರಲ್ಲಿ ಮತ್ತೆ 95 ಭಾಗ ಎಂದರೆ ಕೊನೆಗೆ ಉಳಿಯುವುದು ಸುಮಾರು 86. ಪ್ರತಿ ಮೆಟ್ಟಿಲಲ್ಲಿ 80 ಮಾತ್ರ ಹತ್ತಿದರೆ ಕೊನೆಗೆ 51! ಸಣ್ಣ ಸಣ್ಣ ಅಡಚಣೆಗಳು ಸೇರಿ ಅರ್ಧ ಜನರನ್ನು ಹೊರಗಿಡುತ್ತವೆ. ವಲಸೆಗಾರನಿಗೆ ಈ ಅಡಚಣೆ ಯಾವ ಮೆಟ್ಟಿಲಲ್ಲಿದೆ?

ಅಮೆರಿಕದ ಒಂದು ಪಾಠ

ಅಮೆರಿಕದಲ್ಲಿ ಸ್ಪ್ಯಾನಿಷ್ ಭಾಷೆಯ ಮೂಲದವರನ್ನು ಹಿಸ್ಪಾನಿಕ್ ಎಂದು ಕರೆಯುತ್ತಾರೆ. ಅಲ್ಲಿನ ಜನಸಂಖ್ಯೆಯಲ್ಲಿ ಅವರು ಐದರಲ್ಲೊಂದು ಪಾಲಿಗಿಂತ ತುಸು ಕಡಿಮೆ. ಆದರೆ 2022ರ ಅಂದಾಜಿನಂತೆ ಹೊಸ ಎಚ್.ಐ.ವಿ. ಸೋಂಕಿನಲ್ಲಿ ಅವರದು ಸುಮಾರು ಮೂರರಲ್ಲೊಂದು ಪಾಲು. ಅವರಲ್ಲೂ ಎರಡು ಬಗೆ: ಮೆಕ್ಸಿಕೊ ಮುಂತಾದ ದೇಶಗಳಿಂದ ಬಂದವರು, ಅಮೆರಿಕದಲ್ಲೇ ಹುಟ್ಟಿದವರು.

ಬಂದವರಲ್ಲಿ ಸೋಂಕು ಪತ್ತೆಯಾಗುವುದು ತಡ. ಕಾಯಿಲೆ ಬಲಿತ ಮೇಲೆಯೇ ಅನೇಕರು ಆಸ್ಪತ್ರೆ ಸೇರುತ್ತಾರೆ. ಭಾಷೆ ಬಾರದು, ವಿಮೆ ಇಲ್ಲ, ಕಾಗದಪತ್ರ ಕೇಳಿ ಗಡೀಪಾರು ಮಾಡಿಯಾರೆಂಬ ಹೆದರಿಕೆ. ಸೋಂಕಿರುವ ವಿದೇಶೀಯರು ಒಳಗೆ ಬರಬಾರದೆಂಬ ನಿಯಮವೇ ಅಲ್ಲಿ 2010ರ ಜನವರಿಯವರೆಗೆ ಇತ್ತು. ಆದರೆ ಸ್ವಾರಸ್ಯದ ಸಂಗತಿ ಮುಂದಿದೆ. ಒಮ್ಮೆ ಚಿಕಿತ್ಸೆಗೆ ಸೇರಿದ ಮೇಲೆ ಹೊರಗಿನಿಂದ ಬಂದವರು ಅಲ್ಲಿಯೇ ಹುಟ್ಟಿದವರಷ್ಟೇ ಚೆನ್ನಾಗಿ, ಕೆಲವೊಮ್ಮೆ ಅವರಿಗಿಂತ ಚೆನ್ನಾಗಿ, ಔಷಧಿ ಪಾಲಿಸುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ವಲಸೆಗಾರ ಬೇಜವಾಬ್ದಾರಿಯವನು ಎಂಬ ಮಾತು ಇಲ್ಲಿ ಬಿದ್ದುಹೋಗುತ್ತದೆ. ಅವನಿಗೆ ತೊಡಕಾದದ್ದು ಮೊದಲ ಮೆಟ್ಟಿಲು, ಬಾಗಿಲ ಬಳಿಯ ಮೆಟ್ಟಿಲು.

ಮಲ್ಪೆಯ ಬೋಟು, ಪಡುಬಿದ್ರಿಯ ಗಾರೆ

ಈಗ ನಮ್ಮ ಕರಾವಳಿಗೆ ಬರೋಣ. ಉತ್ತರ ಕರ್ನಾಟಕದ ಒಬ್ಬ ಗಾರೆಯವನನ್ನು ಕಲ್ಪಿಸಿಕೊಳ್ಳಿ. ಅವನ ಎ.ಆರ್.ಟಿ. ದಾಖಲೆ ಅವನ ಜಿಲ್ಲೆಯಲ್ಲಿದೆ. ಕೆಲಸ ಪಡುಬಿದ್ರಿಯಲ್ಲಿ. ಡಬ್ಬಿಯಲ್ಲಿ 30 ಮಾತ್ರೆ. ಅದು ಮುಗಿದಾಗ ಊರಿಗೆ ಹೋಗಿಬರಲು ಎರಡು ಮೂರು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ಬೇರೆ. ಉಡುಪಿಯ ಜಿಲ್ಲಾ ಆಸ್ಪತ್ರೆ 25 ಕಿಲೋಮೀಟರ್ ದೂರದಲ್ಲೇ ಇದೆ. ಅಲ್ಲಿಯೂ ಎ.ಆರ್.ಟಿ. ಕೇಂದ್ರವಿದೆ. ಆದರೆ ಅಲ್ಲಿ ತನಗೆ ಕೊಡುತ್ತಾರೆಂಬುದು ಅವನಿಗೆ ಗೊತ್ತಿಲ್ಲ. ರಜೆ ಕೇಳಿದರೆ ಮೇಸ್ತ್ರಿ ‘ಏತಕ್ಕೆ?’ ಎನ್ನುತ್ತಾನೆ. ಒಂದೇ ಶೆಡ್ಡಿನಲ್ಲಿ ಎಂಟು ಮಂದಿ ಮಲಗುವಲ್ಲಿ ಮಾತ್ರೆಯ ಡಬ್ಬಿಯನ್ನು ಎಲ್ಲಿ ಅಡಗಿಸಿಡುವುದು?

ಮಲ್ಪೆ ಬಂದರಿನ ಆಳಸಮುದ್ರದ ಬೋಟುಗಳಲ್ಲಿ ಒಡಿಶಾ, ಆಂಧ್ರದಿಂದ ಬಂದವರೂ ದುಡಿಯುತ್ತಾರೆ. ಒಮ್ಮೆ ಹೊರಟರೆ ಹತ್ತು ದಿನ ನೀರಿನ ಮೇಲೆಯೇ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಅವರು ಊರಿಗೆ ಹೊರಡುತ್ತಾರೆ. ಅವರ ಚೀಲದಲ್ಲಿ ಎರಡು ತಿಂಗಳಿಗಾಗುವಷ್ಟು ಮಾತ್ರೆ ಇರಬೇಕು. ಆಸ್ಪತ್ರೆಯ ಫಲಕ ಕನ್ನಡದಲ್ಲಿ, ಸುತ್ತಲಿನ ಮಾತು ತುಳುವಿನಲ್ಲಿ, ಅವನಿಗೆ ಬರುವುದು ಒಡಿಯಾ. ಕನ್ನಡದವನೇ ಆದ ಬಾಗಲಕೋಟೆಯವನಿಗೂ ನಮ್ಮ ಮಾತಿನ ಧಾಟಿ ಅರ್ಧ ಹೊಸತು!

ಹೊರಗೆ ಹೋದ ನಮ್ಮವರ ಕಥೆಯೂ ಬೇರೆಯಲ್ಲ. ಕೊಲ್ಲಿ ದೇಶಗಳ ಕೆಲಸಕ್ಕೆ ಎಚ್.ಐ.ವಿ. ಪರೀಕ್ಷೆ ಕಡ್ಡಾಯ. ಅಲ್ಲಿ ಇರುವಾಗ ಸೋಂಕು ಕಂಡರೆ ಚಿಕಿತ್ಸೆಯ ಬದಲು ವಾಪಸು ಟಿಕೆಟು. ಹಾಗೆ ಮರಳಿದವನು ಕಾರಣವನ್ನು ಮನೆಯಲ್ಲಿ ಹೇಳಲಾರ. ಹೇಳಲಾರದವನು ಆಸ್ಪತ್ರೆಗೂ ಹೋಗಲಾರ.

ಅಂಕಿಯನ್ನು ಓದುವ ಬಗೆ

2017ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಒಂಟಿಯಾಗಿ ವಲಸೆ ಹೋದ ಗಂಡಸರಲ್ಲಿ ಸೋಂಕು ನೂರಕ್ಕೆ 0.51 ಇತ್ತು. ದೇಶದ ವಯಸ್ಕರ ಸರಾಸರಿ ಆಗ ಸುಮಾರು 0.22. ‘ಎರಡು ಪಟ್ಟು!’ ಎಂದು ಹೌಹಾರುವುದು ಸುಲಭ. ಅದೇ ಅಂಕಿಯನ್ನು ಹೀಗೆ ಓದಿ: ಸಾವಿರ ವಲಸೆಗಾರರಲ್ಲಿ 995 ಮಂದಿಗೆ ಸೋಂಕು ಇಲ್ಲ. ‘ಘಟ್ಟದವರು ರೋಗ ತಂದರು’ ಎನ್ನುವವರು ಇನ್ನೊಂದು ಮಾತನ್ನೂ ನೆನಪಿಡಬೇಕು. ಮುಂಬಯಿಯಲ್ಲಿ ನಾವೂ ಹೊರಗಿನವರೇ ಆಗಿದ್ದೆವು.

ಅಪಾಯ ವಲಸೆಗಾರನ ರಕ್ತದಲ್ಲಿ ಹುಟ್ಟಿ ಬಂದದ್ದಲ್ಲ. ಮನೆಯವರಿಂದ ತಿಂಗಳುಗಟ್ಟಲೆ ದೂರ, ತಿಳಿವಳಿಕೆಯ ಕೊರತೆ, ಪರೀಕ್ಷೆಗೆ ಸಮಯವಿಲ್ಲ, ಕೇಳಲು ಸಂಕೋಚ — ಇವೇ ಅಪಾಯ. ಇವು ಮನುಷ್ಯ ಮಾಡಿದವು. ಆದ್ದರಿಂದ ಮನುಷ್ಯ ಸರಿಪಡಿಸಬಲ್ಲ.

ಇರುವ ದಾರಿಗಳು

ದಾರಿಗಳು ಇಲ್ಲವೆಂದಲ್ಲ. ಕೆಲಸಕ್ಕೆ ಹೋದ ಊರಿನ ಎ.ಆರ್.ಟಿ. ಕೇಂದ್ರಕ್ಕೆ ದಾಖಲೆ ವರ್ಗಾಯಿಸಿಕೊಳ್ಳಬಹುದು. ಪ್ರಯಾಣದಲ್ಲಿರುವವರು ಪುಸ್ತಕ ತೋರಿಸಿ ತಾತ್ಕಾಲಿಕವಾಗಿ ಬೇರೆ ಕೇಂದ್ರದಿಂದಲೂ ಮಾತ್ರೆ ಪಡೆಯಬಹುದು. 2020ರ ಲಾಕ್‌ಡೌನಿನಲ್ಲಿ ಈ ವ್ಯವಸ್ಥೆ ಬಹಳ ಜನರನ್ನು ಕಾಪಾಡಿತು. ಸ್ಥಿರವಾಗಿರುವ ರೋಗಿಗಳಿಗೆ ಒಮ್ಮೆಗೇ ಹಲವು ತಿಂಗಳ ಮಾತ್ರೆ ಕೊಡುವ ಪದ್ಧತಿಯೂ ಇದೆ. ಸರಕಾರಿ ಆಸ್ಪತ್ರೆಗಳ ಆಪ್ತಸಮಾಲೋಚನಾ ಕೇಂದ್ರಗಳಲ್ಲಿ ಪರೀಕ್ಷೆ ಉಚಿತ. 1097 ಸಂಖ್ಯೆಗೆ ಕರೆಮಾಡಿ ಹೆಸರು ಹೇಳದೆಯೂ ಮಾಹಿತಿ ಕೇಳಬಹುದು.

ಕಾನೂನಿನ ಬಲವೂ ಇದೆ. 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಅದರಂತೆ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡಬಾರದು. ಫಲಿತಾಂಶವನ್ನು ಬಯಲು ಮಾಡಬಾರದು. ಸೋಂಕಿನ ಕಾರಣಕ್ಕೆ ಕೆಲಸದಿಂದ, ಶಾಲೆಯಿಂದ, ಬಾಡಿಗೆ ಮನೆಯಿಂದ ಹೊರಹಾಕಬಾರದು.

ಆದರೆ ದಾರಿ ಇರುವುದು ಬೇರೆ, ದಾರಿ ಗೊತ್ತಿರುವುದು ಬೇರೆ. ಫಲಕ ಎರಡು ಮೂರು ಭಾಷೆಗಳಲ್ಲಿರಲಿ. ಪರೀಕ್ಷೆ ಸಂಜೆ ಕೆಲಸ ಬಿಟ್ಟ ಮೇಲೆ, ಬಂದರಿನ ಬಳಿ, ಕಟ್ಟಡದ ಬಳಿ ಸಿಗಲಿ. ಜೂನ್ ತಿಂಗಳಿಗೆ ಮೊದಲು ಬೋಟಿನವರ ಕೈಗೆ ಎರಡು ತಿಂಗಳ ಮಾತ್ರೆ ಸೇರಲಿ. ಇವು ಕೋಟಿ ರೂಪಾಯಿಯ ಕೆಲಸಗಳಲ್ಲ.

ನಿಮ್ಮ ಕೈಯಲ್ಲೂ ಒಂದು ಕೆಲಸವಿದೆ. ನಿಮ್ಮ ಮನೆ ಕಟ್ಟುವವನಿಗೆ, ಮೀನು ಇಳಿಸುವವನಿಗೆ, ಮುಂಬಯಿಯಿಂದ ಸೊರಗಿ ಬಂದ ಅಣ್ಣನಿಗೆ ನೀವು ಚಹಾ ಕೊಡುವಾಗ ಮನೆಯವರ ಲೋಟದಲ್ಲೇ ಕೊಡಿ. ಆ ಮನೆಯಲ್ಲಿ ಅವನು ತನ್ನ ಕಾಯಿಲೆಯ ಮಾತು ಎತ್ತಿಯಾನು. ಮೊದಲ ಮೆಟ್ಟಿಲು ಅಲ್ಲಿಂದಲೇ ಆರಂಭವಾಗುತ್ತದೆ.

ತರಗತಿಯಲ್ಲಿ ಚರ್ಚಿಸಿ

1. ಮೂರು ಮೆಟ್ಟಿಲುಗಳಲ್ಲಿ ಕ್ರಮವಾಗಿ ನೂರಕ್ಕೆ 70, 90, 95 ಮಂದಿ ಹತ್ತಿದರೆ ಕೊನೆಗೆ ವೈರಸ್ ಅಡಗಿದವರು ಎಷ್ಟು? ಯಾವ ಮೆಟ್ಟಿಲನ್ನು ಮೊದಲು ಸರಿಪಡಿಸಬೇಕು?
2. ನಿಮ್ಮ ಊರಿಗೆ ಕೆಲಸಕ್ಕೆ ಬಂದವರು ಯಾವ ಯಾವ ಭಾಷೆ ಆಡುತ್ತಾರೆ? ಹತ್ತಿರದ ಆಸ್ಪತ್ರೆಯ ಫಲಕ ಅವರಲ್ಲಿ ಎಷ್ಟು ಮಂದಿಗೆ ಓದಲು ಬರುತ್ತದೆ?
3. ನಿಮ್ಮ ಕುಟುಂಬದಿಂದ ಊರು ಬಿಟ್ಟು ದುಡಿಯಲು ಹೋದವರು ಯಾರು? ಅಲ್ಲಿ ಕಾಯಿಲೆ ಬಿದ್ದಾಗ ಅವರು ಎಲ್ಲಿಗೆ ಹೋಗುತ್ತಿದ್ದರು? ಹಿರಿಯರನ್ನು ಕೇಳಿ ಬರೆಯಿರಿ.