ಅಡೋಬಿ ಬಿಡದ ಫೋಟೋಗ್ರಾಫರ್: ತಪ್ಪು ಕಲ್ಪನೆ ಎಷ್ಟು, ಸತ್ಯ ಎಷ್ಟು

ಯಾದಗಿರಿ, ಶಹಾಪುರ, ಸುರಪುರದಂಥ ಊರುಗಳಲ್ಲಿ ಮದುವೆ ಆಲ್ಬಂ ಎಂದರೆ ಸಾಮಾನ್ಯವಾಗಿ 12 ಇಂಚು ಎತ್ತರ, 36 ಇಂಚು ಅಗಲದ ಹಾಳೆಗಳ ಕಟ್ಟು. ಅಕ್ಕಿಕಾಳು, ಅರಿಶಿಣ, ನಡುವೆ ಶಹಾಪುರದ ಮಲಗಿದ ಬುದ್ಧನ ಬೆಟ್ಟದ ಮುಂದೆ ತೆಗೆದ ಜೋಡಿಯ ಚಿತ್ರ, ಮೇಲೆ ಕನ್ನಡದಲ್ಲಿ ಇಬ್ಬರ ಹೆಸರು. ಇದಿಷ್ಟೂ ಒಂದೇ ಹಾಳೆಯಲ್ಲಿ ಕೂಡುವುದು ಫೋಟೋಶಾಪ್‌ನಲ್ಲಿ. ಚಿತ್ರಗಳ ಬೆಳಕು ಬಣ್ಣ ತಿದ್ದುವುದು ಬಹುಮಟ್ಟಿಗೆ ಲೈಟ್‌ರೂಮ್‌ನಲ್ಲಿ. ಎರಡೂ ಅಡೋಬಿ ಕಂಪನಿಯವು. ಕಳೆದ ಹನ್ನೆರಡು ಹದಿಮೂರು ವರ್ಷಗಳಲ್ಲಿ ಫೋಟೋಗ್ರಾಫರುಗಳಿಂದ ಈ ಕಂಪನಿ ತಿಂದಷ್ಟು ಬೈಗುಳವನ್ನು ಬಹುಶಃ ಬೇರಾವ ಸಾಫ್ಟ್‌ವೇರ್ ಕಂಪನಿಯೂ ತಿಂದಿಲ್ಲ. ಆದರೂ ಬೈದವರಲ್ಲಿ ಬಹಳ ಮಂದಿ ಅಲ್ಲೇ ಉಳಿದರು. ಏಕೆ ಎಂದು ಕೇಳಿದರೆ ಎರಡು ಉತ್ತರ ಸಿದ್ಧವಾಗಿರುತ್ತವೆ. ಬೇರೆ ಗತಿ ಇಲ್ಲ ಎಂಬುದು ಒಂದು, ಚಾಳಿ ಬಿಡದು ಎಂಬುದು ಇನ್ನೊಂದು. ಎರಡೂ ನಿಜವಲ್ಲ ಎಂಬುದು ನನ್ನ ವಾದ. ಕಂಪನಿಯ ಬಗ್ಗೆ ಹಬ್ಬಿರುವ ಹಲವು ಮಾತುಗಳೂ ನಿಜವಲ್ಲ. ಈ ಸುಳ್ಳು ದೂರುಗಳ ಗದ್ದಲದಲ್ಲಿ ಕೇಳಲೇಬೇಕಾದ ನಿಜವಾದ ದೂರು ಮುಚ್ಚಿಹೋಗುತ್ತಿದೆ ಎಂಬುದೇ ನನ್ನ ಚಿಂತೆ.

ಮೊದಲು ಟೀಕೆಗೆ ಇದ್ದ ಕಾರಣ ನೋಡೋಣ. 2013ರ ಮೇ ತಿಂಗಳಲ್ಲಿ ಅಡೋಬಿ ಒಂದು ಘೋಷಣೆ ಮಾಡಿತು: ಇನ್ನು ಮುಂದಿನ ಹೊಸ ಫೋಟೋಶಾಪ್ ಕೊಳ್ಳಲು ಸಿಗುವುದಿಲ್ಲ, ಚಂದಾ ಕಟ್ಟಿ ಬಳಸಬೇಕು. ಒಮ್ಮೆ ದುಡ್ಡು ಕೊಟ್ಟು ತಂದು ವರ್ಷಗಟ್ಟಲೆ ಬಳಸುವ ಪದ್ಧತಿಯಲ್ಲಿ ಸಿಎಸ್6 ಫೋಟೋಶಾಪ್‌ನ ಕೊನೆಯ ಆವೃತ್ತಿಯಾಯಿತು. ಜಗತ್ತಿನಾದ್ಯಂತ ವಿರೋಧ ಎದ್ದಿತು, ಸಾವಿರಾರು ಜನ ಮನವಿಗೆ ಸಹಿ ಹಾಕಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಂಪನಿಯ ಸರ್ವರ್‌ಗಳಿಗೆ ಕನ್ನ ಬಿತ್ತು. 3.8 ಕೋಟಿ ಸಕ್ರಿಯ ಬಳಕೆದಾರರ ಖಾತೆಯ ವಿವರ ಸೋರಿತೆಂದು ಕಂಪನಿಯೇ ಒಪ್ಪಿಕೊಂಡಿತು. ಚಂದಾ ಹೆಸರಿನಲ್ಲಿ ಕಾರ್ಡಿನ ವಿವರ ಕೇಳುವ ಕಂಪನಿ ಅದನ್ನೇ ಕಾಯಲಾರದೆ ಹೋದರೆ ಸಿಟ್ಟು ಬರುವುದು ಸಹಜ. ಆ ಸಿಟ್ಟು ನ್ಯಾಯವಾದದ್ದೇ.

ಆದರೆ ಆ ಸಿಟ್ಟಿನ ಬೆನ್ನಿಗೇ ಹುಟ್ಟಿದ ಒಂದು ಕಲ್ಪನೆ ಇಂದಿಗೂ ಉಳಿದಿದೆ. ಚಂದಾ ಯೋಜನೆಗೆ ಇಟ್ಟ ‘ಕ್ರಿಯೇಟಿವ್ ಕ್ಲೌಡ್’ ಎಂಬ ಹೆಸರು ಕೇಳಿ, ಸಾಫ್ಟ್‌ವೇರ್ ಓಡುವುದು ಇಂಟರ್‌ನೆಟ್‌ನಲ್ಲಿ, ನಮ್ಮ ಫೋಟೋಗಳೆಲ್ಲ ಕಂಪನಿಯ ಬಳಿ ಇರುತ್ತವೆ, ನೆಟ್ ಹೋದರೆ ಕೆಲಸ ನಿಂತಿತು ಎಂದು ಜನ ತಿಳಿದರು. ಒಂದು ಲೆಕ್ಕ ಹಾಕಿದರೆ ಇದು ಆಗದ ಮಾತು ಎಂದು ಗೊತ್ತಾಗುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲ್, ಅಂದರೆ ಕಚ್ಚಾ ಚಿತ್ರ, ಸುಮಾರು 25 ಎಂಬಿ ಎನ್ನಿ. ಒಂದು ಮದುವೆಗೆ 2,000 ಚಿತ್ರವಾದರೆ 50 ಜಿಬಿ ಆಯಿತು. ಸೆಕೆಂಡಿಗೆ 10 ಮೆಗಾಬಿಟ್ ಅಪ್‌ಲೋಡ್ ವೇಗ ಬಿಡದೆ ಸಿಕ್ಕರೂ ಅದನ್ನು ಮೇಲೇರಿಸಲು 11 ಗಂಟೆ ಬೇಕು. ಬಹಳ ಕಾಲ ಫೋಟೋಗ್ರಾಫರುಗಳು ಬಳಸಿದ ಅಗ್ಗದ ಚಂದಾದಲ್ಲಿ ಕ್ಲೌಡ್ ಜಾಗ ಇದ್ದದ್ದೇ 20 ಜಿಬಿ, ಒಂದು ಮದುವೆಯೂ ಹಿಡಿಯದಷ್ಟು. ಫೋಟೋಶಾಪ್, ಲೈಟ್‌ರೂಮ್ ಕ್ಲಾಸಿಕ್ ಎರಡೂ ಸ್ಟುಡಿಯೊದ ಕಂಪ್ಯೂಟರಿನಲ್ಲೇ ಕೂತು ಓಡುತ್ತವೆ, ಚಿತ್ರಗಳು ನಮ್ಮ ಹಾರ್ಡ್‌ಡಿಸ್ಕಿನಲ್ಲೇ ಇರುತ್ತವೆ. ನೆಟ್ ಬೇಕಾಗುವುದು ಇಳಿಸಿಕೊಳ್ಳುವಾಗ, ಆಮೇಲೆ ಆಗಾಗ ಪರವಾನಗಿ ಖಚಿತಪಡಿಸಲು. ವಾರ್ಷಿಕ ಚಂದಾದಾರರು ನೆಟ್ ಇಲ್ಲದೆ 99 ದಿನದವರೆಗೆ ಕೆಲಸ ಮಾಡಬಹುದು. ಬೇಸಿಗೆಯಲ್ಲಿ ನಮ್ಮ ಕಡೆ ಸ್ಟುಡಿಯೊದ ಕೆಲಸ ನಿಲ್ಲುವುದು ಕರೆಂಟ್ ಹೋಗಿ. ಅದಕ್ಕೂ ಕ್ಲೌಡಿಗೂ ಸಂಬಂಧವಿಲ್ಲ.

ಇದಕ್ಕಿಂತ ಭಯ ಹುಟ್ಟಿಸುವ ಇನ್ನೊಂದು ಮಾತು: ಚಂದಾ ನಿಲ್ಲಿಸಿದ ದಿನ ಹಳೆಯ ಚಿತ್ರಗಳೆಲ್ಲ ಹೋದವು. ಹೋಗುವುದಿಲ್ಲ. ಲೈಟ್‌ರೂಮ್ ಕ್ಲಾಸಿಕ್‌ನ ಚಂದಾ ಮುಗಿದರೂ ಲೈಬ್ರರಿ ತೆರೆಯುತ್ತದೆ. ಚಿತ್ರ ಹುಡುಕಬಹುದು, ಈಗಾಗಲೇ ತಿದ್ದಿದ ರೂಪದಲ್ಲೇ ಹೊರತೆಗೆಯಬಹುದು. ಮುಚ್ಚುವುದು ತಿದ್ದುವ ‘ಡೆವಲಪ್’ ವಿಭಾಗ ಮತ್ತು ನಕ್ಷೆಯ ವಿಭಾಗ. ಫೋಟೋಗ್ರಾಫರ್ ಕಟ್ಟುಬೀಳುವ ನಿಜವಾದ ಜಾಗ ಬೇರೆಯೇ ಇದೆ. ಲೈಟ್‌ರೂಮ್ ಮೂಲ ಚಿತ್ರವನ್ನು ಮುಟ್ಟುವುದಿಲ್ಲ. ಮುಖದ ಮೇಲಿನ ನೆರಳು ಇಷ್ಟು ಎತ್ತು, ಪೆಂಡಾಲಿನ ಹಳದಿ ಬೆಳಕು ಇಷ್ಟು ತಗ್ಗಿಸು, ಈ ಮೂಲೆ ಕತ್ತರಿಸು ಎಂಬ ಸೂಚನೆಗಳನ್ನು ಮಾತ್ರ ಕ್ಯಾಟಲಾಗ್ ಎಂಬ ಕಡತದಲ್ಲಿ ಬರೆದಿಡುತ್ತದೆ. ಚಿತ್ರದ ರೇಟಿಂಗ್, ಟಿಪ್ಪಣಿಗಳನ್ನು ಬೇರೆ ಸಾಫ್ಟ್‌ವೇರ್‌ಗಳೂ ಓದಬಲ್ಲವು. ಬೆಳಕು ಬಣ್ಣದ ಸೂಚನೆಗಳನ್ನು ಅವು ಪೂರ್ತಿ ಓದಲಾರವು, ಓದಿದರೂ ಅದೇ ಬಣ್ಣ ಬರುವುದಿಲ್ಲ, ಏಕೆಂದರೆ ಪ್ರತಿ ಸಾಫ್ಟ್‌ವೇರಿನ ಒಳಗಿನ ಲೆಕ್ಕ ಬೇರೆ. ಹತ್ತು ವರ್ಷ ಮದುವೆ ತೆಗೆದವರ ಕ್ಯಾಟಲಾಗಿನಲ್ಲಿ ಇರುವುದು ಹತ್ತು ವರ್ಷದ ಕಣ್ಣಿನ ತೀರ್ಮಾನ. ಬಿಟ್ಟು ಹೋದರೆ ಚಿತ್ರ ಜೊತೆಗೆ ಬರುತ್ತದೆ, ದುಡಿಮೆ ಹಿಂದೆ ಉಳಿಯುತ್ತದೆ. ನಿಷ್ಠೆ ಎಂದು ಹೊರಗಿನವರು ಕರೆಯುವುದರ ಅರ್ಧ ಭಾಗ ಇದೇ. ಇದನ್ನು ಚಾಳಿ ಎನ್ನುವುದು ದುಡಿದವರಿಗೆ ಮಾಡುವ ಅನ್ಯಾಯ.

ಉಳಿದ ಅರ್ಧ ಭಾಗ ಆಲ್ಬಂ ಹಾಳೆಯಲ್ಲಿದೆ, ಅದರಲ್ಲಿ ಕನ್ನಡದ ಪಾಲು ದೊಡ್ಡದು. 12×36ರ ಒಂದು ಹಾಳೆ 300 ಡಿಪಿಐನಲ್ಲಿ 10,800×3,600 ಪಿಕ್ಸೆಲ್. ಒಂದೇ ಪದರವಾದರೂ ನೂರು ಎಂಬಿ ಮೀರುತ್ತದೆ. ಅದರಲ್ಲಿ ಹಿನ್ನೆಲೆ, ಚೌಕಟ್ಟು, ಹೂಬಳ್ಳಿ, ಅಕ್ಷರ ಎಂದು ಪದರದ ಮೇಲೆ ಪದರ. ಇಂಥ ಪಿಎಸ್‌ಡಿ (ಫೋಟೋಶಾಪ್ ಫೈಲ್) ಮಾದರಿಗಳನ್ನು ಸ್ಟುಡಿಯೊಗಳು ವರ್ಷಗಳಿಂದ ಕೂಡಿಟ್ಟಿರುತ್ತವೆ. ಮದುವೆಗೆ ಬೇರೆ, ಕುಬಸಕ್ಕೆ ಬೇರೆ, ತೊಟ್ಟಿಲಿಗೆ ಬೇರೆ. ಹಳೆಯ ಫೋಟೋಶಾಪ್‌ಗೆ ಯುನಿಕೋಡ್ ಕನ್ನಡ ಸರಿಯಾಗಿ ಬರುತ್ತಿರಲಿಲ್ಲ. ‘ಶ್ರೀ’ ಬರೆದರೆ ಒತ್ತು ಕಳಚಿ ಪಕ್ಕಕ್ಕೆ ಬೀಳುತ್ತಿತ್ತು, ‘ಲಕ್ಷ್ಮಿ’ ಮೂರು ತುಂಡಾಗುತ್ತಿತ್ತು. ಹಾಗಾಗಿ ಎಲ್ಲರೂ ನುಡಿ, ಬರಹದ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಹೆಸರು ಕೂರಿಸಿದರು. ಆ ಅಕ್ಷರ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್ ಚಿಹ್ನೆಗಳ ಸಾಲು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಫೈಲ್ ತೆರೆದರೆ ಮದುಮಗಳ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಗೀಚು ಕಾಣುತ್ತದೆ. ಬೇರೆ ಸಾಫ್ಟ್‌ವೇರಿಗೆ ಹೋದರೆ ಪದರದ ಪರಿಣಾಮಗಳೂ ಅಲ್ಲಲ್ಲಿ ಕೆಡುತ್ತವೆ. ಇಲ್ಲಿ ಅಡೋಬಿಯ ಮೇಲೆ ಕನ್ನಡಿಗರಿಗೆ ಇದ್ದ ದೂರು ಪೂರ್ತಿ ನ್ಯಾಯವಾದದ್ದು. ಉಚಿತವಾಗಿ ಸಿಗುವ ಗಿಂಪ್ ಕನ್ನಡದ ಒತ್ತಕ್ಷರವನ್ನು ಸರಿಯಾಗಿ ಜೋಡಿಸುತ್ತಿದ್ದ ಕಾಲದಲ್ಲಿ ದುಬಾರಿ ಫೋಟೋಶಾಪ್ ತಡವರಿಸುತ್ತಿತ್ತು. 2021ರ ಕೊನೆಗೆ ಬಂದ ಆವೃತ್ತಿಯಲ್ಲಿ ಅಕ್ಷರ ಜೋಡಿಸುವ ಯಂತ್ರವನ್ನೇ ಬದಲಿಸಿ, ಭಾರತೀಯ ಲಿಪಿಗಳಿಗೆ ಬೇರೆ ಸೆಟ್ಟಿಂಗ್ ಹುಡುಕುವ ಅಗತ್ಯ ಇಲ್ಲದಂತೆ ಮಾಡಿದರು. ಟೀಕೆಗೆ ಒಳಗಾದ ಕಂಪನಿ ತಿದ್ದಿಕೊಂಡದ್ದಕ್ಕೆ ಇದು ಒಂದು ಸಾಕ್ಷಿ. ತಡವಾಗಿ ತಿದ್ದಿಕೊಂಡಿತು ಎಂಬುದನ್ನೂ ಜೊತೆಗೇ ಹೇಳಬೇಕು.

ಹಾಗಾದರೆ ಬೇರೆ ಗತಿ ಇಲ್ಲ ಎಂಬ ಮಾತು ನಿಜವೇ? ಅಲ್ಲ. ರಾ ಫೈಲ್ ತಿದ್ದಲು ಡಾರ್ಕ್‌ಟೇಬಲ್ 2009ರಿಂದ ಉಚಿತವಾಗಿದೆ. ಒಮ್ಮೆ ದುಡ್ಡು ಕೊಟ್ಟು ಕೊಳ್ಳಬೇಕಿದ್ದ ಅಫಿನಿಟಿ ಸಾಫ್ಟ್‌ವೇರನ್ನು 2024ರಲ್ಲಿ ಕ್ಯಾನ್ವಾ ಕಂಪನಿ ಕೊಂಡುಕೊಂಡಿತು, 2025ರ ಅಕ್ಟೋಬರ್‌ನಿಂದ ಅದನ್ನು ಉಚಿತವಾಗಿ ಕೊಡುತ್ತಿದೆ. ಪಿಎಸ್‌ಡಿ ತೆರೆಯಬಲ್ಲ ಸಾಫ್ಟ್‌ವೇರ್‌ಗಳು ನಾಲ್ಕಾರಿವೆ. ಆಲ್ಬಂ ಮುದ್ರಿಸುವ ಲ್ಯಾಬಿನವರು ಫೋಟೋಶಾಪ್ ಫೈಲೇ ಬೇಕೆನ್ನುತ್ತಾರೆ ಎಂಬುದೂ ತಪ್ಪು. ಕಲಬುರಗಿಯ ಲ್ಯಾಬಾಗಲಿ ಹೈದರಾಬಾದಿನದಾಗಲಿ, ಆಲ್ಬಂ ಮುದ್ರಣಕ್ಕೆ ಸರಿಯಾದ ಅಳತೆಯ ಜೆಪೆಗ್ ಸಾಕು. ಅದು ಯಾವುದರಲ್ಲಿ ತಯಾರಾಯಿತು ಎಂದು ಮುದ್ರಣ ಯಂತ್ರ ಕೇಳುವುದಿಲ್ಲ. ಹೊಸದಾಗಿ ಅಂಗಡಿ ತೆರೆಯುವ ಹುಡುಗನಿಗೆ ಹಳೆಯ ಕ್ಯಾಟಲಾಗೂ ಇಲ್ಲ, ಹಳೆಯ ಮಾದರಿಗಳೂ ಇಲ್ಲ. ಅವನು ಉಚಿತ ಸಾಫ್ಟ್‌ವೇರಿನಿಂದಲೇ ಶುರುಮಾಡಬಹುದು, ಮಾಡಬೇಕು ಎಂದೇ ನನ್ನ ಅಭಿಪ್ರಾಯ. ಹಳಬರ ಲೆಕ್ಕ ಬೇರೆ. ಮಾಘದಿಂದ ಜ್ಯೇಷ್ಠದವರೆಗೆ ಮುಹೂರ್ತದ ಮೇಲೆ ಮುಹೂರ್ತ ಇರುವಾಗ, ಕೈಗೆ ಒಗ್ಗಿದ್ದನ್ನು ಬಿಟ್ಟು ಹೊಸದು ಕಲಿಯುತ್ತ ಆಲ್ಬಂ ತಡಮಾಡಿದರೆ ಹೋಗುವುದು ಗಿರಾಕಿ. ಅವರು ಗತಿಯಿಲ್ಲದೆ ಉಳಿದವರಲ್ಲ, ಲೆಕ್ಕ ಹಾಕಿ ಉಳಿದವರು.

ದುಡ್ಡಿನ ವಿಷಯದಲ್ಲೂ ಒಂದು ಕಲ್ಪನೆ ಬಲವಾಗಿದೆ: ಒಮ್ಮೆ ಕೊಂಡರೆ ಅಗ್ಗ, ಚಂದಾ ಎಂದರೆ ಸುಲಿಗೆ. ಅಮೆರಿಕದಲ್ಲಿ ಫೋಟೋಶಾಪ್ ಸಿಎಸ್6ರ ಬೆಲೆ 699 ಡಾಲರ್ ಇತ್ತು. ವಿರೋಧದ ಬಿಸಿ ತಾಗಿದ ಮೇಲೆ, 2013ರ ಸೆಪ್ಟೆಂಬರ್‌ನಲ್ಲಿ, ಫೋಟೋಗ್ರಾಫರುಗಳಿಗೆಂದೇ ಫೋಟೋಶಾಪ್, ಲೈಟ್‌ರೂಮ್ ಎರಡೂ ಸೇರಿಸಿ ತಿಂಗಳಿಗೆ 9.99 ಡಾಲರ್‌ನ ಯೋಜನೆ ಬಂತು. ವರ್ಷಕ್ಕೆ 120 ಡಾಲರ್ ಹಿಡಿದರೆ, ಫೋಟೋಶಾಪ್ ಒಂದರ ಹಳೆಯ ಬೆಲೆ ಮುಟ್ಟಲು ಆರು ವರ್ಷ ಹತ್ತಿರ ಬೇಕು. ನಮ್ಮ ರೂಪಾಯಿ ದರ, ತೆರಿಗೆ ಬೇರೆ, ಆದರೆ ಲೆಕ್ಕದ ದಿಕ್ಕು ಇದೇ. ಇನ್ನು ಒಮ್ಮೆ ಕೊಂಡದ್ದು ಶಾಶ್ವತವೂ ಅಲ್ಲ. ಚಂದಾ ಇಲ್ಲದೆ ಮಾರಿದ ಕೊನೆಯ ಲೈಟ್‌ರೂಮ್ 6 ಬಂದದ್ದು 2015ರಲ್ಲಿ, 2017ರ ಕೊನೆಗೆ ಅದರ ನವೀಕರಣ ನಿಂತಿತು. ಆಮೇಲೆ ಬಂದ ಕ್ಯಾಮೆರಾಗಳ ರಾ ಫೈಲ್ ಅದು ತೆರೆಯುವುದಿಲ್ಲ. ಯಾರದೋ ಪೆನ್‌ಡ್ರೈವಿನಿಂದ ಹಾಕಿಸಿಕೊಂಡ ಕ್ರ್ಯಾಕ್ ಪ್ರತಿಯ ಪಾಡೂ ಅದೇ. ಅದು ಅಕ್ರಮ ಎಂಬುದು ಒಂದು ಕಡೆ, ಜೊತೆಗೆ ವೈರಸ್ ಬಂದು ಇಡೀ ಸೀಸನ್ನಿನ ಚಿತ್ರಗಳಿಗೆ ಬೀಗ ಬೀಳುವ ಅಪಾಯ ಇನ್ನೊಂದು ಕಡೆ. ಹಳೆಯದನ್ನೇ ನ್ಯಾಯವಾಗಿ ಕೊಂಡವರಿಗೆ ಒಂದು ದಾರಿ ಇದೆ: ಹೊಸ ಕ್ಯಾಮೆರಾದ ಫೈಲನ್ನು ಹಳೆಯ ಆವೃತ್ತಿಯೂ ಓದಬಲ್ಲ ಡಿಎನ್‌ಜಿ ರೂಪಕ್ಕೆ ಬದಲಿಸುವ ಕನ್ವರ್ಟರನ್ನು ಅಡೋಬಿಯೇ ಉಚಿತವಾಗಿ ಕೊಡುತ್ತದೆ.

ಇದಕ್ಕೆ ಒಂದು ಗಟ್ಟಿ ಆಕ್ಷೇಪ ಬರುತ್ತದೆ. ಚಂದಾದಾರನದು ಬಾಡಿಗೆ ಅಂಗಡಿಯವನ ಸ್ಥಿತಿ, ಮಾಲೀಕ ಮನಸ್ಸು ಬಂದಾಗ ಬಾಡಿಗೆ ಏರಿಸುತ್ತಾನೆ. ಈ ಮಾತನ್ನು ನಾನು ಒಪ್ಪುತ್ತೇನೆ. 2025ರ ಜನವರಿಯಿಂದ ಆ ಅಗ್ಗದ 20 ಜಿಬಿ ಯೋಜನೆಯನ್ನು ಹೊಸಬರಿಗೆ ನಿಲ್ಲಿಸಿದರು. ಹಳಬರಲ್ಲಿ ತಿಂಗಳ ಕಂತಿನವರಿಗೆ ದರ 14.99 ಡಾಲರ್‌ಗೆ ಏರಿತು, ವರ್ಷದ ದುಡ್ಡು ಒಮ್ಮೆಲೇ ಕಟ್ಟಿದವರಿಗೆ ಹಳೆಯ ದರ ಉಳಿಯಿತು. ದೂರಬೇಕಾದದ್ದು ಇಂಥದ್ದನ್ನು.

2024ರ ಜೂನ್‌ನಲ್ಲಿ ಕಂಪನಿಯ ಬಳಕೆಯ ಷರತ್ತುಗಳ ಬಗ್ಗೆ ಎದ್ದ ಗದ್ದಲದಲ್ಲಿ ನಿಜ ಸುಳ್ಳು ಎರಡೂ ಬೆರೆತಿದ್ದವು. ಹೊಸ ಷರತ್ತುಗಳನ್ನು ಒಪ್ಪದೆ ಸಾಫ್ಟ್‌ವೇರ್ ತೆರೆಯಲಾಗದಂತೆ ಒಂದು ಕಿಟಕಿ ಎದುರಾಯಿತು. ಅದರಲ್ಲಿದ್ದ ಅಸ್ಪಷ್ಟ ಭಾಷೆ ಓದಿ, ನಮ್ಮ ಚಿತ್ರಗಳನ್ನು ಕಂಪನಿ ತನ್ನ ಎಐ ಕಲಿಕೆಗೆ ಬಳಸುತ್ತದೆ ಎಂದು ಸುದ್ದಿ ಹಬ್ಬಿತು. ನಮ್ಮಂಥ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಮನೆಯ ಹೆಣ್ಣುಮಕ್ಕಳ ಚಿತ್ರವನ್ನು ನಂಬಿ ಒಪ್ಪಿಸಿದವರಿಗೆ ಫೋಟೋಗ್ರಾಫರ್ ಉತ್ತರ ಹೇಳಬೇಕಾಗುತ್ತದೆ. ಟೀಕೆಯ ನಂತರ ಅದೇ ತಿಂಗಳ 18ರಂದು ಕಂಪನಿ ಷರತ್ತುಗಳನ್ನು ತಿದ್ದಿ ಬರೆಯಿತು. ಗ್ರಾಹಕರ ಚಿತ್ರಗಳಿಂದ ಎಐ ಕಲಿಸುವುದಿಲ್ಲ, ಮಾರಾಟಕ್ಕೆಂದು ಅಡೋಬಿ ಸ್ಟಾಕ್‌ಗೆ ಕೊಟ್ಟವುಗಳ ಮಾತು ಬೇರೆ, ಬಳಕೆದಾರರ ಕಂಪ್ಯೂಟರಿನಲ್ಲೇ ಇರುವ ಕಡತಗಳನ್ನು ನೋಡುವುದಿಲ್ಲ ಎಂದು ಸ್ಪಷ್ಟಪಡಿಸಿತು. ಕ್ಲೌಡಿಗೆ ಏರಿಸಿದ ಚಿತ್ರಗಳನ್ನು ಮಾತ್ರ, ಮಕ್ಕಳ ಮೇಲಿನ ದೌರ್ಜನ್ಯದಂಥ ಅಪರಾಧ ಪತ್ತೆಗೆ, ತಪಾಸಣೆ ಮಾಡುತ್ತಾರೆ. ಚಿತ್ರ ಕದಿಯುತ್ತಾರೆ ಎಂಬುದು ಸುಳ್ಳು, ಏನೂ ನೋಡುವುದೇ ಇಲ್ಲ ಎಂಬುದೂ ಸುಳ್ಳು. ಗಿರಾಕಿ ಕೇಳಿದರೆ ಇಷ್ಟನ್ನೂ ಬಿಡಿಸಿ ಹೇಳುವ ತಿಳಿವಳಿಕೆ ಸ್ಟುಡಿಯೊದವರಿಗೆ ಇರಬೇಕು.

ಅದೇ ಜೂನ್ 17ರಂದು ಅಮೆರಿಕ ಸರ್ಕಾರ ಅಡೋಬಿಯ ಮೇಲೆ ಮೊಕದ್ದಮೆ ಹೂಡಿತು. ನಮ್ಮ ಕಡೆ ಹೆಚ್ಚು ಚರ್ಚೆಯಾಗಬೇಕಿದ್ದದ್ದು ಇದು. ‘ವರ್ಷದ ಚಂದಾ, ತಿಂಗಳ ಕಂತು’ ಎಂಬ ಯೋಜನೆಯನ್ನು ನಡುವೆ ಬಿಟ್ಟರೆ ಉಳಿದ ಕಂತುಗಳ ಅರ್ಧದಷ್ಟು ದಂಡ ಬೀಳುತ್ತದೆ, ಆ ದಂಡದ ವಿಷಯವನ್ನು ಕಂಪನಿ ಕಣ್ಣಿಗೆ ಬೀಳದಂತೆ ಇಟ್ಟಿತ್ತು ಎಂಬುದು ಆರೋಪ. ಕಂಪನಿ ಅದನ್ನು ನಿರಾಕರಿಸಿತು. ಆದರೆ ದಂಡ ಇರುವುದು ಸುಳ್ಳಲ್ಲ. ಆಷಾಢ ಬಂದರೆ ಮದುವೆ ಇಲ್ಲ, ಸ್ಟುಡಿಯೊಗೆ ಪಾಸ್‌ಪೋರ್ಟ್ ಸೈಜ್ ಫೋಟೋದ ಆದಾಯವೇ ಗತಿ. ಆಗ ಎರಡು ತಿಂಗಳು ಚಂದಾ ನಿಲ್ಲಿಸೋಣ ಎಂದು ಯೋಚಿಸುವುದು ಸಹಜ. ತಿಂಗಳ ಕಂತನ್ನು ತಿಂಗಳ ಚಂದಾ ಎಂದು ತಿಳಿದವರು ಸಿಕ್ಕಿಬೀಳುವುದು ಇಲ್ಲೇ. ಚಿತ್ರ ಹೋಗುತ್ತದೆ, ನೆಟ್ ಇಲ್ಲದೆ ನಡೆಯದು ಎಂಬ ಸುಳ್ಳು ಭಯಗಳನ್ನೇ ಹಂಚಿಕೊಳ್ಳುವ ಬದಲು ಈ ಒಂದು ಷರತ್ತನ್ನು ಎಲ್ಲರಿಗೂ ತಿಳಿಸಿದ್ದರೆ ಎಷ್ಟೋ ಮಂದಿಯ ದುಡ್ಡು ಉಳಿಯುತ್ತಿತ್ತು.

ಉಳಿಯುವವರು ಉಳಿಯಲಿ, ಆದರೆ ಕಟ್ಟುಬೀಳದೆ ಉಳಿಯಲಿ. ಚಂದಾ ಖಾತೆ ತೆರೆದು ಯೋಜನೆಯ ಹೆಸರು ಮತ್ತು ನವೀಕರಣದ ದಿನಾಂಕವನ್ನು ಈ ವಾರವೇ ನೋಡಿಕೊಳ್ಳಿ. ಲೈಟ್‌ರೂಮ್‌ನ ತಿದ್ದುಪಡಿಗಳನ್ನು ಚಿತ್ರದ ಜೊತೆಗಿರುವ ಎಕ್ಸ್‌ಎಂಪಿ ಕಡತಕ್ಕೂ ಬರೆಯುವಂತೆ ಕ್ಯಾಟಲಾಗ್ ಸೆಟ್ಟಿಂಗ್ ಬದಲಿಸಿ, ಕ್ಯಾಟಲಾಗಿನ ಒಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿಡಿ. ಆಲ್ಬಂ ಒಪ್ಪಿಸಿದ ಮೇಲೆ ಆಯ್ದ ಚಿತ್ರಗಳನ್ನು ಪೂರ್ಣ ಗಾತ್ರದ ಜೆಪೆಗ್ ಇಲ್ಲವೇ ಟಿಫ್ ಆಗಿ ಹೊರತೆಗೆದಿಡಿ, ಅವು ಯಾವ ಚಂದಾದ ಹಂಗಿಲ್ಲದೆ ತೆರೆಯುತ್ತವೆ. ಹೊಸ ಮಾದರಿಗಳಲ್ಲಿ ಹೆಸರುಗಳನ್ನು ಯುನಿಕೋಡ್ ಕನ್ನಡದಲ್ಲೇ ಕೂರಿಸಿ.